ಮೂರನೇ ಕೋಷ್ಟಕ

ಮೂರು ವರ್ಷ ಡಾ. ಆಶಾಲತಾ ಸ್ತನ ಕ್ಯಾನ್ಸರ್ ಆದ ಹೆಂಗಸರನ್ನು ಒಂದೇ ಮಾತು ಕೇಳುತ್ತ ಬಂದಿದ್ದಳು: ಗಂಟು ಕೈಗೆ ಸಿಕ್ಕಿದ್ದು ಯಾವಾಗ, ಅದನ್ನು ಮೊದಲ ಸಲ ಡಾಕ್ಟರಿಗೆ ತೋರಿಸಿದ್ದು ಯಾವಾಗ?

ಕೇಳುವುದು ಸುಲಭ. ತಾರೀಕು ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ. ಆಗ ಅವಳು ಸುತ್ತು ಹಾಕಿಕೊಂಡು ಬರುತ್ತಿದ್ದಳು. ಕೃಷ್ಣಾಷ್ಟಮಿ ಕಳೆದಿತ್ತಾ? ಬೋಟುಗಳ ಮಳೆಗಾಲದ ರಜೆ ಮುಗಿದಿತ್ತಾ? ಮಗಳ ಬಾಣಂತನ ನಡೆಯುತ್ತಿತ್ತಾ? ಒಬ್ಬೊಬ್ಬರ ಹತ್ತಿರ ಎರಡು ಗಂಟೆ ಕೂತು, ಆಸ್ಪತ್ರೆಯ ಚೀಟಿ, ಸ್ಕ್ಯಾನಿಂಗ್ ರಿಪೋರ್ಟು, ಮದುವೆಯ ಕಾಗದ, ಏನು ಸಿಕ್ಕರೆ ಅದನ್ನು ಹಿಡಿದು ದಿನ ಗೊತ್ತುಮಾಡುತ್ತಿದ್ದಳು. ಹೀಗೆ ನೂರ ಎಂಬತ್ತಾರು ಹೆಂಗಸರು.

ಮಂಗಳೂರಿನ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಅವಳು ಸಮುದಾಯ ವೈದ್ಯಶಾಸ್ತ್ರ ವಿಭಾಗದ ಸಹಪ್ರಾಧ್ಯಾಪಕಿ. ವಯಸ್ಸು ಮೂವತ್ತೊಂಬತ್ತು, ಮದುವೆಯಾಗಿರಲಿಲ್ಲ, ಕೊಡಿಯಾಲ್‌ಬೈಲಿನ ಫ್ಲ್ಯಾಟಿನಲ್ಲಿ ಅಮ್ಮನ ಜೊತೆ ಇದ್ದಳು. ಈ ಸಂಶೋಧನೆಗೆ ಅವಳನ್ನು ಹಚ್ಚಿದವರು ಡಾ. ಚಿತ್ತರಂಜನ. ಅದೇ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು, ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್, ಮತ್ತು ಅವಳ ಅಮ್ಮನ ತಮ್ಮ. ಅಪ್ಪ ತೀರಿಕೊಂಡಾಗ ಆಶಾಲತಾ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಅಲ್ಲಿಂದ ಅವಳನ್ನು ಓದಿಸಿದ್ದು ಮಾವ. ಬಂಟರ ಮನೆಗಳಲ್ಲಿ ಅಕ್ಕನ ಮಕ್ಕಳ ಮೇಲೆ ಮಾವನಿಗೆ ಅಧಿಕಾರವೂ ಇರುತ್ತದೆ, ಹೊಣೆಯೂ ಇರುತ್ತದೆ. ಚಿತ್ತರಂಜನ ಅಧಿಕಾರ ಚಲಾಯಿಸಿದ್ದನ್ನು ಅವಳು ನೋಡಿರಲಿಲ್ಲ. ಮೆಡಿಕಲ್ ಓದುವಾಗ ಅಂಗರಚನೆಯ ದಪ್ಪ ಪುಸ್ತಕಕ್ಕೆ ಅವರೇ ಕೂತು ಬೈಂಡ್ ಹಾಕಿಕೊಟ್ಟದ್ದು ನೆನಪಿತ್ತು.

ಅಂಕಿಗಳೆಲ್ಲ ಸೇರಿದ ಮೇಲೆ ಕಂಡದ್ದು ಅವಳು ಊಹಿಸದ ವಿಷಯ. ನೂರ ಎಂಬತ್ತಾರರಲ್ಲಿ ನೂರ ನಾಲ್ಕು ಮಂದಿಗೆ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಬಲಿತಿತ್ತು. ನಮ್ಮ ಹೆಂಗಸರು ನಾಚಿಕೆಯಿಂದ ಅಡಗಿಸಿಡುತ್ತಾರೆ, ತಡಮಾಡಿ ಬರುತ್ತಾರೆ ಎಂದು ಪ್ರತಿ ಸೆಮಿನಾರಿನಲ್ಲೂ ಕೇಳಿ ಅವಳೂ ಹಾಗೆಂದೇ ನಂಬಿದ್ದಳು. ಆದರೆ ಆ ನೂರ ನಾಲ್ವರಲ್ಲಿ ಅರವತ್ತೇಳು ಮಂದಿ ಗಂಟು ಕಂಡ ಎರಡು ತಿಂಗಳೊಳಗೆ ಒಬ್ಬ ಡಾಕ್ಟರಿಗೆ ತೋರಿಸಿದ್ದರು. ಏನಿಲ್ಲ, ಹೋಗಿ ಎಂದು ಆ ಡಾಕ್ಟರು ಕಳಿಸಿದ್ದರು. ಅರವತ್ತೇಳರಲ್ಲಿ ಇಪ್ಪತ್ತಮೂರು ಮಂದಿ ಮೊದಲು ತೋರಿಸಿದ್ದು ಅವಳದೇ ಆಸ್ಪತ್ರೆಯ ಒಪಿಡಿಯಲ್ಲಿ. ಇದನ್ನು ಅವಳು ಪ್ರಬಂಧದ ಮೂರನೇ ಕೋಷ್ಟಕವಾಗಿ ಹಾಕಿದಳು. ಮಾವ ಆ ಪುಟವನ್ನು ಬಹಳ ಹೊತ್ತು ನೋಡಿ, "ಒಳ್ಳೆ ಕೆಲಸ ಆಗಿದೆ. ಭಾಷೆ ಸ್ವಲ್ಪ ತಿದ್ದಬೇಕು, ಅಷ್ಟೆ" ಎಂದಿದ್ದರು.

ಆ ಇಪ್ಪತ್ತಮೂರರಲ್ಲಿ ಒಬ್ಬಳು ಹೊಳೆಯಾಚೆ ಮೀನುಗಾರರ ಬೆಂಗ್ರೆಯ ಬಾಗಿ. ಐವತ್ತನಾಲ್ಕು ವರ್ಷ. ಬೆಳಿಗ್ಗೆ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ತೆಗೆದುಕೊಂಡು ಪೇಟೆಯ ಮನೆಮನೆಗೆ ಮಾರುತ್ತಿದ್ದವಳು. ಗಂಡ ನೋಣಯ್ಯ ಮೊದಲು ಬೋಟಿಗೆ ಹೋಗುತ್ತಿದ್ದ, ಈಗ ಮನೆಯಲ್ಲೇ ಬಲೆ ಸರಿಮಾಡುತ್ತಿದ್ದ. ಮಗ ಹಿತೇಶ್ ದುಬೈಯಲ್ಲಿ, ಮಗಳು ನಿರೀಕ್ಷಾ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ. ಆಶಾಲತಾಳನ್ನು ಅವರ ಮನೆಗೆ ಕರೆದುಕೊಂಡು ಹೋದದ್ದು ಅಲ್ಲಿಯ ಆಶಾ ಕಾರ್ಯಕರ್ತೆ ಮೈಮೂನಾ. ಜಗಲಿಯಲ್ಲಿ ಕೂತು ಆಡಿದ ಮಾತೆಲ್ಲ ತುಳುವಿನಲ್ಲೇ ನಡೆದಿತ್ತು.

"ಸ್ನಾನ ಮಾಡುವಾಗ ಕೈಗೆ ಸಿಕ್ಕಿತು, ಗೋಲಿಯಷ್ಟು," ಎಂದಿದ್ದಳು ಬಾಗಿ. "ನಿರೀಕ್ಷಾಳಿಗೆ ಆಗ ಡಿಗ್ರಿ ಪರೀಕ್ಷೆ. ಅದು ಮುಗಿದ ಮರುದಿನವೇ ನಿಮ್ಮ ಆಸ್ಪತ್ರೆಗೆ ಹೋದೆ. ಒಂಬತ್ತು ದಿನ ಆಗಿತ್ತು ಅಷ್ಟೆ."

"ನೋಡಿದ್ರಾ ಅಲ್ಲಿ?"

"ನೋಡಿದ್ರು. ಸುತ್ತ ಐದಾರು ಹುಡುಗ ಡಾಕ್ಟ್ರುಗಳು ನಿಂತಿದ್ರು. ನಂಗೆ ನಾಚಿಕೆ ಆಯ್ತು. ಆದ್ರೂ ತೋರಿಸಿದೆ. ಕಾಯಿಲೆಗೆ ನಾಚಿಕೆ ಮಾಡಿದ್ರೆ ಆಗ್ತದಾ? ಕೊಬ್ಬಿನ ಗಂಟು, ಎಂತ ಇಲ್ಲ ಅಂದ್ರು. ನಾಲ್ಕು ತಿಂಗಳು ಬಿಟ್ಟು ಇನ್ನೊಮ್ಮೆ ಹೋದೆ. ಆಗಲೂ ಅದನ್ನೇ ಹೇಳಿದ್ರು."

ಎರಡೂ ಸಲದ ಚೀಟಿಗಳನ್ನು ಅವಳು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು. ಧೈರ್ಯ ಹೇಳಿ ಕಳುಹಿಸಲಾಗಿದೆ ಎಂದು ಎರಡರಲ್ಲೂ ಇಂಗ್ಲಿಷಿನಲ್ಲಿ ಬರೆದಿತ್ತು. ಮೂರನೇ ಸಲ ಹೋದದ್ದು ಒಂದು ವರ್ಷದ ನಂತರ, ಮೊಲೆಯ ಚರ್ಮ ಒಳಕ್ಕೆ ಎಳೆದುಕೊಂಡ ಮೇಲೆ.

"ನಾನು ಹೋಗಿದ್ದೆ ಅಂತ ಬರೀರಿ ಡಾಕ್ಟ್ರೇ," ಎಂದಿದ್ದಳು ಬಾಗಿ. "ಎಲ್ಲರೂ ನನ್ನಲ್ಲಿ ಕೇಳುದು ಒಂದೇ, ನೀನು ಮೊದಲೇ ಯಾಕೆ ಹೋಗ್ಲಿಲ್ಲ ಅಂತ."

"ಬರೀತೇನೆ ಬಾಗಿಯಕ್ಕ," ಎಂದಿದ್ದಳು ಆಶಾಲತಾ.

ಬರೆದೂ ಇದ್ದಳು. ಪ್ರಬಂಧವನ್ನು ಒಂದು ಹೆಸರುವಾಸಿ ಜರ್ನಲ್‌ಗೆ ಕಳಿಸಿದರು. ಮೊದಲ ಹೆಸರು ಅವಳದು, ಕೊನೆಯ ಹೆಸರು ಮಾವನದು. ಜರ್ನಲ್ ಜೊತೆಗಿನ ಪತ್ರವ್ಯವಹಾರವನ್ನು ಹಿರಿಯರಾದ ಅವರೇ ನೋಡಿಕೊಳ್ಳುವುದೆಂದಾಯಿತು.

ಏಪ್ರಿಲ್‌ನಲ್ಲಿ ಅಮ್ಮ ಬಾತ್‌ರೂಮಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್, ಆಮೇಲೆ ನ್ಯುಮೋನಿಯ. ಮೂರು ವಾರ ಆಶಾಲತಾ ಆಸ್ಪತ್ರೆಯ ಕೋಣೆ ಬಿಟ್ಟು ಕದಲಲಿಲ್ಲ. ಮಾವ ಪ್ರತಿದಿನ ಬೆಳಿಗ್ಗೆ ಮನೆಯಿಂದ ಗಂಜಿ, ಚಟ್ನಿ ತಂದು ಅಕ್ಕನ ಮಂಚದ ಪಕ್ಕ ಅರ್ಧ ಗಂಟೆ ಕೂರುತ್ತಿದ್ದರು. ಒಂದು ದಿನ ಹೊರಡುವಾಗ, "ಪೇಪರಿಗೆ ರಿವ್ಯೂ ಬಂದಿದೆ. ಚಿಕ್ಕಪುಟ್ಟ ತಿದ್ದುಪಡಿ. ನೀನು ಇದರಲ್ಲಿ ತಲೆ ಹಾಕುದು ಬೇಡ, ನಾನು ನೋಡಿಕೊಳ್ತೇನೆ. ಒಂದು ಫಾರ್ಮ್ ಕಳಿಸಿದ್ದೇನೆ, ಸಹಿ ಮಾಡು" ಎಂದರು. ಅವಳು ಅಮ್ಮನ ಸಲೈನ್ ನೋಡುತ್ತ ಫೋನಿನಲ್ಲೇ ಸಹಿ ಮಾಡಿ ಕಳಿಸಿದಳು. ಆ ಮೇಲ್‌ಗೆ ಇನ್ನೊಂದು ಕಡತವನ್ನೂ ಸೇರಿಸಿದ್ದರು. ಅದನ್ನು ತೆರೆಯಲಿಲ್ಲ.

ಪ್ರಬಂಧ ಜುಲೈಯಲ್ಲಿ ಪ್ರಕಟವಾಯಿತು. ಅದು ಅವಳಿಗೆ ಗೊತ್ತಾದದ್ದು ಬೆಳಿಗ್ಗೆ ಕಾಲೇಜಿನ ಮೆಟ್ಟಿಲಿನಲ್ಲಿ, ಎದುರು ಸಿಕ್ಕವರು ಕೈ ಕುಲುಕಿದಾಗ. ಹನ್ನೊಂದು ಗಂಟೆಗೆ ಪತ್ರಿಕಾಗೋಷ್ಠಿ ಇಟ್ಟಿದ್ದರು. ಪ್ರಿನ್ಸಿಪಾಲರು ಹೂಗುಚ್ಛ ಕೊಟ್ಟರು, ಶಾಲು ಹೊದಿಸಿದರು. ವೇದಿಕೆಯ ಮೇಲೆ ಕೂತು, ಪತ್ರಕರ್ತರಿಗೆ ಹಂಚಿದ ಕಾಗದದ ಒಂದು ಪ್ರತಿಯನ್ನು ಅವಳು ಕೈಗೆತ್ತಿಕೊಂಡಳು.

"ಕರಾವಳಿಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ತಡವಾಗಿ ಪತ್ತೆಯಾಗಲು ನಾಚಿಕೆ ಮತ್ತು ಅರಿವಿನ ಕೊರತೆಯೇ ಮುಖ್ಯ ಕಾರಣವೆಂದು ನಮ್ಮ ಸಂಶೋಧನೆಯಿಂದ ಸಾಬೀತಾಗಿದೆ."

ತಪ್ಪಿ ಬೇರೆ ಯಾರದೋ ಸಂಶೋಧನೆಯ ಕಾಗದ ಬಂದಿರಬೇಕು ಎಂದುಕೊಂಡಳು. ಕೆಳಗೆ ಅವಳ ಹೆಸರಿತ್ತು. ಮುಂದಿನ ಸಾಲಿನಲ್ಲಿ ಇನ್ನೂ ಒಂದು ಮಾತಿತ್ತು: "'ನಂಗೆ ನಾಚಿಕೆ ಆಯ್ತು' ಎಂದು ಮೀನುಗಾರರ ವಸತಿಯ ಐವತ್ತನಾಲ್ಕು ವರ್ಷದ ಮೀನು ಮಾರುವ ಮಹಿಳೆಯೊಬ್ಬರು ಹೇಳಿಕೊಂಡಿದ್ದಾರೆ."

"ಮೇಡಂ, ಹಾಗಾದ್ರೆ ಮುಖ್ಯ ಕಾರಣ ನಾಚಿಕೆ ಅಂತಲೇ ಬರೀಬಹುದಾ?" ಮುಂದಿನ ಸಾಲಿನಿಂದ ಒಬ್ಬ ಪತ್ರಕರ್ತ ಕೇಳಿದ.

ಮೈಕು ಅವಳ ಎದುರಿಗೇ ಇತ್ತು. ಪಕ್ಕದಲ್ಲಿ ಕೂತಿದ್ದ ಮಾವ ಕೈ ಚಾಚಿ ಅದನ್ನು ತಮ್ಮ ಕಡೆ ತಿರುಗಿಸಿಕೊಂಡು, "ಖಂಡಿತ ಬರೀಬಹುದು. ಮಹಿಳೆಯರು ಹಿಂಜರಿಕೆ ಬಿಟ್ಟು ಮುಂದೆ ಬರಬೇಕು, ಅದೇ ನಮ್ಮ ಸಂದೇಶ" ಎಂದರು. ಕ್ಯಾಮೆರಾದವರು ಇಬ್ಬರನ್ನೂ ಸೇರಿಸಿ ಫೋಟೋ ತೆಗೆದರು. ಎಲ್ಲರ ಎದುರು ಮಾವನ ಮಾತು ಸುಳ್ಳು ಎನ್ನಲು ಅವಳ ನಾಲಿಗೆ ಏಳಲಿಲ್ಲ.

ಗೋಷ್ಠಿ ಮುಗಿದ ಮೇಲೆ ತನ್ನ ಕೋಣೆಗೆ ಹೋಗಿ ಪ್ರಬಂಧ ತೆರೆದಳು. ಮೂರನೇ ಕೋಷ್ಟಕ ಇರಲಿಲ್ಲ. ಹೆಂಗಸರು ಡಾಕ್ಟರಲ್ಲಿಗೆ ಬರಲು ತೆಗೆದುಕೊಂಡ ದಿನಗಳನ್ನು ಮತ್ತು ಡಾಕ್ಟರು ಕಾಯಿಲೆ ಹಿಡಿಯಲು ತೆಗೆದುಕೊಂಡ ದಿನಗಳನ್ನು ಅವಳು ಬೇರೆ ಬೇರೆ ಬರೆದಿದ್ದಳು. ಈಗ ಎರಡನ್ನೂ ಕೂಡಿಸಿ, ಅಷ್ಟಕ್ಕೂ ರೋಗಿಯ ವಿಳಂಬ ಎಂದು ಹೆಸರು ಕೊಟ್ಟಿದ್ದರು. ಹೆಸರು ಹಾಕದೆ ಅವಳು ಪೂರ್ತಿ ಬರೆದಿದ್ದ ಬಾಗಿಯ ಮಾತಿನಲ್ಲಿ ನಾಚಿಕೆಯ ಸಾಲು ಮಾತ್ರ ಉಳಿದಿತ್ತು. ಏಪ್ರಿಲ್‌ನ ಮೇಲ್ ಹುಡುಕಿ, ಅಂದು ತೆರೆಯದೆ ಬಿಟ್ಟ ಕಡತ ತೆರೆದಳು. ಅದರಲ್ಲಿಯೂ ಇದೇ ಇತ್ತು.

ಮಾವನ ಚೇಂಬರಿಗೆ ಹೋದಾಗ ಅವರು ಶಾಲು ಮಡಚುತ್ತಿದ್ದರು.

"ಮಾವ, ಮೂರನೇ ಟೇಬಲ್ ಎಲ್ಲಿ?"

"ಕೂತ್ಕೊ ಆಶಾ. ಕಾಫಿ ಹೇಳ್ತೇನೆ."

"ಕಾಫಿ ಬೇಡ. ಟೇಬಲ್ ಎಲ್ಲಿ ಹೋಯ್ತು?"

"ಉದ್ದ ಆಯ್ತು, ಕಡಿಮೆ ಮಾಡಿ ಅಂತ ರಿವ್ಯೂವರ್ ಹೇಳಿದ. ಕಡಿಮೆ ಮಾಡಿದೆ. ನಿನಗೆ ಕಳಿಸಿದ್ದೆ, ನೀನು ಸಹಿ ಮಾಡಿದ್ದಿ."

"ಚಿಕ್ಕಪುಟ್ಟ ತಿದ್ದುಪಡಿ ಅಂತ ಹೇಳಿದ್ರಿ ನೀವು."

"ಒಂದು ಸುಳ್ಳು ಅಂಕಿ ತೋರಿಸು ಅದರಲ್ಲಿ. ಗಂಟು ಕಂಡ ದಿನದಿಂದ ಕಾಯಿಲೆ ಪತ್ತೆಯಾಗುವವರೆಗೆ ಸರಾಸರಿ ಹನ್ನೊಂದು ತಿಂಗಳು. ನಿನ್ನದೇ ಲೆಕ್ಕ ಅಲ್ವಾ?"

"ಹನ್ನೊಂದರಲ್ಲಿ ಒಂಬತ್ತು ತಿಂಗಳು ಹಾಳಾದದ್ದು ಡಾಕ್ಟರುಗಳಿಂದ. ಅದನ್ನೂ ಅವರ ತಲೆಗೆ ಕಟ್ಟಿದ್ದೀರಿ. ಬಾಗಿಯ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದೀರಿ."

"ಯಾವ ಬಾಗಿ?"

ಅವರು ನಟಿಸುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಬೆಂಗ್ರೆಯ ಮೀನು ಮಾರುವ ಹೆಂಗಸು. ಎರಡು ಸಲ ನಿಮ್ಮ ಒಪಿಡಿಗೆ ಬಂದಿದ್ಲು. ನಿಮ್ಮ ಯೂನಿಟ್‌ನವರು ಎರಡು ಸಲವೂ ಎಂತ ಇಲ್ಲ ಅಂತ ಕಳಿಸಿದ್ರು."

ಚಿತ್ತರಂಜನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು. ನಾಳೆ ಪೇಪರಿನಲ್ಲಿ ಈ ಆಸ್ಪತ್ರೆ ಇಪ್ಪತ್ತಮೂರು ಹೆಂಗಸರನ್ನು ವಾಪಸ್ ಕಳಿಸಿದೆ ಅಂತ ಬಂತು ಅಂತ ಇಟ್ಕೊ. ಎಂತ ಆಗ್ತದೆ? ಬರುವ ಹೆಂಗಸರೂ ಬರುದಿಲ್ಲ. ಒಪಿಡಿಯಲ್ಲಿ ತಪ್ಪಾಗ್ತಾ ಉಂಟು, ಒಪ್ತೇನೆ. ಅದನ್ನು ನಾನು ಒಳಗಿಂದಲೇ ಸರಿಮಾಡ್ತೇನೆ. ಊರಿಗೆಲ್ಲ ಡಂಗುರ ಹೊಡೆದೇ ಆಗಬೇಕಾ?"

"ಹಾಗಾದ್ರೆ ಏನೂ ಬರೆಯದೆ ಇರಬಹುದಿತ್ತು. ತಪ್ಪು ಅವರದ್ದು ಅಂತ ಯಾಕೆ ಬರೆದ್ರಿ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಯೂನಿಟ್ ನನ್ನದು. ನನ್ನ ರಿಟೈರ್‌ಮೆಂಟಿಗೆ ಇನ್ನು ಐದು ತಿಂಗಳು ಉಂಟು. ಮೂವತ್ನಾಲ್ಕು ವರ್ಷ ಕೆಲಸ ಮಾಡಿದ್ದೇನೆ ಇಲ್ಲಿ. ನನಗೋಸ್ಕರ ಇಷ್ಟು ಮಾಡ್ಲಿಕ್ಕೆ ಆಗುದಿಲ್ವಾ ನಿನಗೆ? ನಾನು ಯಾವತ್ತಾದ್ರೂ ನಿನ್ನ ಹತ್ರ ಏನಾದ್ರೂ ಕೇಳಿದ್ದು ಉಂಟಾ?"

ಕೇಳಿದ್ದಿಲ್ಲ. ಅದು ಸತ್ಯ. ಆದರೆ ಈ ಸಲವೂ ಅವರು ಕೇಳಿರಲಿಲ್ಲ, ತೆಗೆದುಕೊಂಡಿದ್ದರು. ಅಮ್ಮನ ಮಂಚದ ಪಕ್ಕ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ ಆ ದಿನಗಳಲ್ಲೇ ಈ ಪ್ರಬಂಧವನ್ನು ಕೊಯ್ದು ಹೊಲಿದಿದ್ದರು. ಗಂಜಿ ತಂದದ್ದು ಪ್ರೀತಿಯಿಂದಲೇ ಇರಬಹುದು. ಪ್ರೀತಿ ಯಾವುದು, ಉಪಾಯ ಯಾವುದು ಎಂದು ಬಿಡಿಸಿ ನೋಡಲು ಇನ್ನು ಮುಂದೆ ತನ್ನಿಂದ ಆಗುವುದಿಲ್ಲ ಎನ್ನುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಬಾಗಿಲು ಹಾಕಿಕೊಂಡು ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಮೈಮೂನಾಳ ಫೋನ್ ಬಂತು. "ಮೇಡಂ, ಪೇಪರ್ ನೋಡಿದ್ರಾ? ನೀವೊಮ್ಮೆ ಇಲ್ಲಿಗೆ ಬರುದು ಒಳ್ಳೆದು. ನನ್ನ ಹತ್ರವೂ ಎಲ್ಲ ಕೇಳ್ತಾ ಇದ್ದಾರೆ, ನಾನೇ ಅಲ್ವಾ ನಿಮ್ಮನ್ನು ಕರ್ಕೊಂಡು ಬಂದದ್ದು."

ಆಶಾಲತಾ ಒಂಬತ್ತು ಗಂಟೆಯ ಫೆರಿ ಹಿಡಿದು ಬೆಂಗ್ರೆಗೆ ಹೋದಳು. ನೋಣಯ್ಯ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ, ತಲೆ ಎತ್ತಲಿಲ್ಲ. ನಿರೀಕ್ಷಾ ಬಾಗಿಲಲ್ಲಿ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ಅವಳ ಕೈಯಲ್ಲಿ ಪತ್ರಿಕೆ ಇತ್ತು.

"ಮೇಡಂ, ಐವತ್ತನಾಲ್ಕು ವರ್ಷದ, ಮೀನು ಮಾರುವ, ಈ ಕಾಯಿಲೆಯ ಹೆಂಗಸು ಈ ಊರಲ್ಲಿ ಎಷ್ಟು ಜನ ಇದ್ದಾರೆ? ಹೆಸರು ಹಾಕ್ಲಿಲ್ಲ ಅಂತ ನೀವು ಹೇಳಬಹುದು. ಇಲ್ಲಿ ಹೆಸರು ಬೇಕಾಗುದಿಲ್ಲ."

"ನಿರೀಕ್ಷಾ..."

"ಬೆಳಿಗ್ಗೆ ದುಬೈಯಿಂದ ಅಣ್ಣ ಫೋನ್ ಮಾಡಿದ. ಅವನಿಗೆ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ನಮ್ಮ ಹತ್ರ ಆಸ್ಪತ್ರೆಗೆ ಹೋಗಿದ್ದೆ ಹೋಗಿದ್ದೆ ಅಂತ ಸುಳ್ಳು ಹೇಳಿ ಡಾಕ್ಟ್ರ ಹತ್ರ ಸತ್ಯ ಹೇಳಿದ್ದೀಯಾ ಅಂತ ಅಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದ. ನಾಚಿಕೆ ಮಾಡಿ ಮನೆಯನ್ನೇ ಹಾಳುಮಾಡಿದೆ ಅಂದ."

ಒಳಗಿನಿಂದ ಬಾಗಿ ಎದ್ದು ಬಂದಳು. ಕೀಮೋದಿಂದ ಕೂದಲು ಉದುರಿದ ತಲೆಗೆ ಸೀರೆಯ ಸೆರಗು ಹೊದ್ದಿದ್ದಳು. ಬಾಗಿಲ ದಾರಂದ ಹಿಡಿದು ನಿಂತು ಆಶಾಲತಾಳ ಮುಖವನ್ನೇ ನೋಡಿದಳು.

"ನಾನು ಹಾಗೆ ಹೇಳಿದ್ದಾ ಡಾಕ್ಟ್ರೇ?"

"ಇಲ್ಲ ಬಾಗಿಯಕ್ಕ. ನೀವು ಹಾಗೆ ಹೇಳ್ಲಿಲ್ಲ."

"ಮತ್ತೆ ಅದರಲ್ಲಿ ನಿಮ್ಮ ಫೋಟೋ ಉಂಟಲ್ಲ?"

"ನಾನು ಬರೆದದ್ದು ಬೇರೆ ಇತ್ತು. ತಿದ್ದಿದ್ದು ಬೇರೆಯವರು."

"ಆ ಬೇರೆಯವರು ನನ್ನ ಮನೆಗೆ ಬರ್ಲಿಲ್ಲ," ಎಂದಳು ಬಾಗಿ. ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಇಲ್ಲಿ ಕೂತು ನನ್ನ ಚಾ ಕುಡಿದದ್ದು ನೀವು. ನಾನು ಹೇಳಿದ್ದು ನಿಮ್ಮ ಹತ್ರ."

ಹಿಂದೆ ಬರುವ ಫೆರಿಯಲ್ಲಿ ಆಶಾಲತಾ ಬೈಕುಗಳ ನಡುವೆ ನಿಂತು ಯೋಚಿಸಿದಳು. ಮಾವ ನನಗೆ ಮಾಡಿದ್ದನ್ನೇ ನಾನು ಬಾಗಿಗೆ ಮಾಡಿದ್ದೇನೆ. ನಂಬಿ ಕೊಟ್ಟದ್ದನ್ನು ತೆರೆದೂ ನೋಡದೆ ಇನ್ನೊಬ್ಬರ ಕೈಗೆ ಹಾಕಿದ್ದೇನೆ.

ಆ ವಾರವೇ ಜರ್ನಲ್‌ಗೆ ಪತ್ರ ಬರೆದಳು. ತಿದ್ದುವ ಮೊದಲಿನ ಪ್ರತಿ ಮತ್ತು ತನ್ನ ಹನ್ನೆರಡು ನೋಟ್‌ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿದಳು. ಬಾಗಿಯ ಚೀಟಿಗಳೂ ಇದ್ದರೆ ಒಳ್ಳೆಯದಿತ್ತು. ಕೇಳಲು ಮುಖವಿರಲಿಲ್ಲ, ಆದರೂ ನಿರೀಕ್ಷಾಳಿಗೆ ಎರಡು ಸಾಲಿನ ಮೆಸೇಜು ಹಾಕಿದಳು. ನಾಲ್ಕು ದಿನ ಉತ್ತರವಿಲ್ಲ. ಐದನೇ ದಿನ ಚೀಟಿಗಳ ಫೋಟೋ ಬಂತು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ.

ಕಳಿಸುವ ಮೊದಲು ಅಮ್ಮನಿಗೆ ಹೇಳಿದಳು. ವಾಕರ್ ಹಿಡಿದು ಊಟದ ಮೇಜಿನ ಹತ್ತಿರ ಬಂದಿದ್ದ ಅಮ್ಮ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು.

"ಅವನು ಇಲ್ಲದಿದ್ರೆ ನೀನು ಡಾಕ್ಟರ್ ಆಗ್ತಿದ್ಯಾ?"

"ಇಲ್ಲ."

"ಮತ್ತೆ?"

"ಆ ಹೆಂಗಸಿಗೆ ಮಾತು ಕೊಟ್ಟಿದ್ದೆ ಅಮ್ಮ."

"ನನ್ನ ತಮ್ಮನ ಮರ್ಯಾದೆ ತೆಗೆದು ಮಾತು ಉಳಿಸ್ತೀಯಾ? ಯಾರೋ ಮೀನಿನವಳಿಗೆ ಕೊಟ್ಟ ಮಾತು?" ಎಂದ ಅಮ್ಮ, ತಾವು ಆಡಿದ್ದು ತಮಗೇ ಕೇಳಿಸಿದಂತೆ ಸುಮ್ಮನಾದರು. ಅಂದಿನಿಂದ ಎಷ್ಟೋ ದಿನ ಇಬ್ಬರ ನಡುವೆ ಮಾತ್ರೆ, ಊಟ, ಫಿಸಿಯೋಥೆರಪಿಯ ಮಾತುಗಳು ಬಿಟ್ಟು ಬೇರೆ ಇರಲಿಲ್ಲ.

ಜರ್ನಲ್ ಎಲ್ಲ ಲೇಖಕರಿಗೂ ಪತ್ರ ಬರೆದು ವಿವರಣೆ ಕೇಳಿತು. ಚಿತ್ತರಂಜನ ಚಿಕ್ಕ ಉತ್ತರ ಕೊಟ್ಟರು: ಅಂತಿಮ ಪ್ರತಿಯನ್ನು ಮೊದಲ ಲೇಖಕಿಗೆ ಕಳಿಸಲಾಗಿತ್ತು, ಒಪ್ಪಿಗೆಯ ಸಹಿ ಲಗತ್ತಿಸಿದೆ. ಸಂಪಾದಕರು ಅವಳನ್ನು ನೇರವಾಗಿ ಕೇಳಿದರು, ನೀವು ಓದಿ ಸಹಿ ಮಾಡಿದ್ದೇ? ಅಮ್ಮನ ಕಾಯಿಲೆ, ಆತುರ, ಏನಾದರೂ ಬರೆಯಬಹುದಿತ್ತು. ಅವಳು ಬರೆದಳು: "ಓದಲಿಲ್ಲ. ಸಹಿ ನನ್ನದೇ. ಪತ್ರಿಕಾಗೋಷ್ಠಿಯಲ್ಲಿ ತಪ್ಪು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಈ ಎರಡು ತಪ್ಪುಗಳು ನನ್ನವು. ಅದರಿಂದ ಅಂಕಿಗಳು ಬದಲಾಗುವುದಿಲ್ಲ."

ಕಾಲೇಜಿನಲ್ಲಿ ಯಾರೂ ಅವಳಿಗೆ ಬೈಯಲಿಲ್ಲ. ಸಂಶೋಧನಾ ಸಮಿತಿಯಿಂದ ಹೆಸರು ಹೋಯಿತು, ಪಿಜಿ ವಿದ್ಯಾರ್ಥಿಗಳನ್ನು ಬೇರೆಯವರಿಗೆ ಹಂಚಿದರು, ಸಂಸ್ಥೆಯ ಹೆಸರು ಕೆಡಿಸಿದ್ದಕ್ಕೆ ವಿವರಣೆ ಕೇಳಿ ನೋಟಿಸು ಬಂತು. ಸೆಪ್ಟೆಂಬರಿನಲ್ಲಿ ಕಾಲೇಜಿನ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿಗೆ ಬರುತ್ತಿದ್ದವರು ಟ್ರೇ ಹಿಡಿದು ಬೇರೆ ಕಡೆ ನಡೆಯುವುದನ್ನು ನೋಡಿ ಬೇಸತ್ತಿದ್ದ ಅವಳಿಗೆ ಅದು ಶಿಕ್ಷೆ ಅನಿಸಲಿಲ್ಲ. ಡಿಸೆಂಬರಿನಲ್ಲಿ ಚಿತ್ತರಂಜನರ ನಿವೃತ್ತಿಯ ಸಮಾರಂಭ ನಡೆಯಿತು. ಅವಳು ಹೋಗಲಿಲ್ಲ. ಅಮ್ಮ ಕಾರು ಮಾಡಿಸಿಕೊಂಡು ಒಬ್ಬರೇ ಹೋಗಿಬಂದರು.

ಒಂದನ್ನು ಮಾತ್ರ ಮಾವ ಹೇಳಿದಂತೆ ಮಾಡಿದ್ದರು. ನಿವೃತ್ತರಾಗುವ ಮೊದಲು, ಮೊಲೆಯ ಯಾವ ಗಂಟನ್ನೂ ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆ ಮಾಡದೆ ಕಳಿಸಬಾರದೆಂದು ಒಪಿಡಿಗೆ ಆದೇಶ ಹೊರಡಿಸಿದರು. ಆ ಆದೇಶ ಯಾಕೆ ಬಂತು ಎಂದು ಅದರಲ್ಲಿ ಬರೆದಿರಲಿಲ್ಲ.

ಫೆಬ್ರವರಿಯಲ್ಲಿ ಜರ್ನಲ್ ತಿದ್ದುಪಡಿ ಪ್ರಕಟಿಸಿತು. ಮೂರನೇ ಕೋಷ್ಟಕ ಬಂತು. ರೋಗಿಯ ವಿಳಂಬ ಎಂದಿದ್ದುದನ್ನು ಎರಡಾಗಿ ಬಿಡಿಸಿದರು. ಮೀನು ಮಾರುವ ಮಹಿಳೆಯ ಮಾತನ್ನು ಸಂದರ್ಭ ಬಿಟ್ಟು ಉಲ್ಲೇಖಿಸಲಾಗಿದೆ, ಅದನ್ನು ತೆಗೆಯಲಾಗಿದೆ ಎಂದು ಒಂದು ಸಾಲು. ತಪ್ಪು ಯಾರದೆಂದು ಎಲ್ಲೂ ಇರಲಿಲ್ಲ.

ಆಶಾಲತಾ ಅದರ ಪ್ರತಿಗಳನ್ನು ಹಿಡಿದು ಪತ್ರಿಕಾ ಕಚೇರಿಗಳಿಗೆ ಹೋದಳು. "ಕ್ಯಾನ್ಸರ್ ಬಗ್ಗೆ ಆಗಲೇ ಬರೆದಾಯ್ತಲ್ಲ ಮೇಡಂ, ಇದು ಸುದ್ದಿ ಆಗುದಿಲ್ಲ," ಎಂದು ಒಬ್ಬರು ನಯವಾಗಿ ಹೇಳಿದರು. ಇನ್ನೊಂದು ಪತ್ರಿಕೆ ಒಳಪುಟದಲ್ಲಿ ನಾಲ್ಕು ಸಾಲು ಹಾಕಿತು, ಟೆಂಡರ್ ಜಾಹೀರಾತಿನ ಕೆಳಗೆ.

ಆಗ ಅವಳು ಮೈಮೂನಾಳಿಗೆ ಫೋನ್ ಮಾಡಿ, ಬೆಂಗ್ರೆಯ ಹೆಂಗಸರನ್ನು ಸೇರಿಸಲು ಆಗುತ್ತದೆಯೇ ಎಂದು ಕೇಳಿದಳು.

"ಇನ್ನೆಂತ ಕೇಳ್ಲಿಕ್ಕೆ ಉಂಟು ಮೇಡಂ ನಿಮಗೆ?"

"ಕೇಳ್ಲಿಕ್ಕಲ್ಲ. ಹೇಳ್ಲಿಕ್ಕೆ."

ಭಾನುವಾರ ಸಂಜೆ ಅಂಗನವಾಡಿಯಲ್ಲಿ ಮೂವತ್ತು ಮಂದಿ ಸೇರಿದರು. ಬಾಗಿ ಹಿಂದಿನ ಗೋಡೆಗೆ ಒರಗಿ ಕೂತಿದ್ದಳು. ಅವಳ ತಲೆಯಲ್ಲಿ ಕೂದಲು ಚಿಗುರತೊಡಗಿತ್ತು. ನೋಣಯ್ಯ ಒಳಗೆ ಬರದೆ ಕಿಟಕಿಯ ಹೊರಗೆ ನಿಂತಿದ್ದ. ಆಶಾಲತಾ ತುಳುವಿನಲ್ಲಿ, ಬರೆದುಕೊಳ್ಳದೆ ಹೇಳಿದಳು. ಪತ್ರಿಕೆಯಲ್ಲಿ ಬಂದದ್ದು ಸುಳ್ಳು. ಈ ಊರಿನ ಹೆಂಗಸರು ನಾಚಿಕೊಂಡು ಮನೆಯಲ್ಲಿ ಕೂರಲಿಲ್ಲ, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಬಂದಿದ್ದರು. ಸರಿಯಾಗಿ ನೋಡದೆ ವಾಪಸು ಕಳಿಸಿದ್ದು ಡಾಕ್ಟರುಗಳು, ಅದರಲ್ಲಿ ನನ್ನ ಆಸ್ಪತ್ರೆಯವರೂ ಇದ್ದಾರೆ. ಅದನ್ನು ಮುಚ್ಚಿಟ್ಟ ಕಾಗದಕ್ಕೆ ನಾನು ಓದದೆ ಸಹಿ ಹಾಕಿದೆ.

ಮುಂದೆ ಕೂತಿದ್ದ ಒಬ್ಬಳು ಕೇಳಿದಳು, "ಹಾಗಾದ್ರೆ ನಾವು ಇನ್ನು ಯಾರನ್ನು ನಂಬುದು? ನಿಮ್ಮನ್ನಾ?"

"ಯಾರನ್ನೂ ಸುಮ್ಮನೆ ನಂಬಬೇಡಿ. ಎಂತ ಇಲ್ಲ ಅಂದ್ರೆ, ಸ್ಕ್ಯಾನಿಂಗ್ ಮಾಡಿದ್ರಾ, ಸೂಜಿ ಹಾಕಿ ನೋಡಿದ್ರಾ ಅಂತ ಕೇಳಿ. ಇಲ್ಲ ಅಂದ್ರೆ ಅಲ್ಲಿಂದ ಏಳ್ಬೇಡಿ. ಬೈದ್ರೆ ನನಗೆ ಫೋನ್ ಮಾಡಿ, ನಾನು ಬರ್ತೇನೆ."

ಕೂಟ ಚದುರಿದ ಮೇಲೆ ನೋಣಯ್ಯ ಅವಳ ಹತ್ತಿರ ಬಂದ. ಅವನು ಅವಳ ಜೊತೆ ಮಾತಾಡಿದ್ದು ಅದೇ ಮೊದಲು. "ಮಗನಿಗೆ ಒಮ್ಮೆ ಹೇಳ್ತೀರಾ? ನಾವು ಹೇಳಿದ್ರೆ ಅವನು ನಂಬುದಿಲ್ಲ."

ನಿರೀಕ್ಷಾ ಫೋನ್ ಹಚ್ಚಿ ಕೊಟ್ಟಳು. ಆಶಾಲತಾ ಹೆಸರು ಹೇಳಿ, "ನಿಮ್ಮ ಅಮ್ಮ ಗಂಟು ಕಂಡ ಒಂಬತ್ತನೇ ದಿನ ಬಂದಿದ್ರು. ಆಮೇಲೆಯೂ ಬಂದಿದ್ರು. ಕಳಿಸಿದ್ದು ನಾವು. ಅವರು ಏನನ್ನೂ ಅಡಗಿಸಿಡ್ಲಿಲ್ಲ" ಎಂದಳು. ಹಿತೇಶ್, "ಅಮ್ಮನಿಗೆ ಕೊಡಿ" ಎಂದ. ಬಾಗಿ ಫೋನ್ ತೆಗೆದುಕೊಂಡು ಅಂಗನವಾಡಿಯ ಹಿಂದೆ ಹೋದಳು. ಹಿಂದಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು.

"ಮನೆಗೆ ಬನ್ನಿ ಅಂತ ನಾನು ಹೇಳುದಿಲ್ಲ ಡಾಕ್ಟ್ರೇ," ಎಂದಳು. "ಇವತ್ತು ಹೇಳ್ಲಿಕ್ಕೆ ಮನಸ್ಸು ಬರುದಿಲ್ಲ. ಆದ್ರೆ ನೀವು ಬಂದು ಹೇಳಿದ್ದು ಒಳ್ಳೆದಾಯ್ತು."

ಮೇ ತಿಂಗಳಲ್ಲಿ ನೆಂಟರ ಮದುವೆ. ಅಮ್ಮನನ್ನು ಒಬ್ಬರೇ ಕಳಿಸಲಾಗದೆ ಆಶಾಲತಾ ಜೊತೆಗೆ ಹೋದಳು. ಹಾಲ್‌ನಲ್ಲಿ ಮಾವ ದೂರದಿಂದಲೇ ನೋಡಿ, ನಡುವೆ ಏನೂ ಆಗಿಲ್ಲ ಎಂಬಂತೆ ನಗುತ್ತ ಬಂದರು. ಅವರ ಜೊತೆ ಬೆಂಗಳೂರಿನಿಂದ ಬಂದ ಒಬ್ಬ ಹಿರಿಯ ಡಾಕ್ಟರಿದ್ದರು. ಮಾವ ಅವಳ ಹೆಗಲ ಮೇಲೆ ಕೈಯಿಟ್ಟರು.

"ಇವಳು ನನ್ನ ಅಕ್ಕನ ಮಗಳು. ನಾನೇ ಓದಿಸಿದ್ದು. ಸ್ತನ ಕ್ಯಾನ್ಸರ್ ಮೇಲೆ ನಾವಿಬ್ರೂ ಸೇರಿ ಒಂದು ಒಳ್ಳೆ ಪೇಪರ್ ಮಾಡಿದ್ದೇವೆ."

"ಹೌದಾ? ಎಂತ ಕಂಡುಬಂತು ಅದರಲ್ಲಿ?" ಎಂದರು ಆ ಹಿರಿಯರು ಆಸಕ್ತಿಯಿಂದ.

ಮಾವ ಬಾಯಿ ತೆರೆಯುವ ಮೊದಲು ಆಶಾಲತಾ ಅವರ ಕೈಯನ್ನು ಮೆಲ್ಲನೆ ಹೆಗಲಿಂದ ಇಳಿಸಿದಳು. "ಅದನ್ನು ನಾನು ಹೇಳ್ತೇನೆ ಮಾವ," ಎಂದು, ನೂರ ನಾಲ್ಕು, ಅರವತ್ತೇಳು, ಇಪ್ಪತ್ತಮೂರು ಎಂದು ಒಂದೊಂದಾಗಿ ಹೇಳತೊಡಗಿದಳು. ಅಮ್ಮ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಎದ್ದು ಹೋಗಲಿಲ್ಲ. ಮಾವ ಸ್ವಲ್ಪ ಹೊತ್ತು ನಿಂತು, ಯಾರೋ ಕರೆದರೆಂಬಂತೆ ಅತ್ತ ತಿರುಗಿ, ಊಟದ ಹಾಲ್ ಕಡೆಗೆ ನಡೆದರು.